ಕಡಲ ತಡಿಯ ವಿದ್ಯಾಲಯ ಮತ್ತು ಇಟಗಿಯ ಹೊಸ್ತಿಲು

(ಗದಗ ಜಿಲ್ಲೆಯ ರೋಣ ಸೀಮೆಯ ಇಟಗಿಯಲ್ಲಿ ಪಾಲಕರು ಮತ್ತು ಯುವಜನರ ಸಭೆಯಲ್ಲಿ ಮಾಡಿದ ಭಾಷಣದ ಬರಹ ರೂಪ)





ಸಭೆ ಆರಂಭವಾಗುವ ಮುನ್ನ, ಅಸರ್ ನಮಾಝ್ ಮುಗಿಸಿ ಮಸೀದಿಯ ಮೆಟ್ಟಿಲು ಇಳಿಯುತ್ತಿದ್ದಾಗ ಇಲ್ಲಿಯ ರೈತರೊಬ್ಬರು ನಮ್ಮ ಕೈ ಹಿಡಿದು ಒಂದು ಪ್ರಶ್ನೆ ಕೇಳಿದರು. "ಮೌಲಾನಾ ಸಾಹೇಬ್ರ, ಮಗಳು ಬಿ.ಎ. ಮುಗಿಸ್ಯಾಳ. ಮಂಗಳೂರಿಗೆ ಹೋಗಿ ಎಂ.ಎ. ಕಲೀತೀನಿ ಅಂತಾಳ. ಅಷ್ಟು ದೂರ ಕಳಸಬೇಕೇನ್ರಿ?" ನಾವು ಆಗ ಉತ್ತರ ಕೊಡಲಿಲ್ಲ. ಸಭೆಯಲ್ಲಿಯೇ ಹೇಳುತ್ತೇವೆ, ಕುಳಿತು ಕೇಳಿ ಎಂದೆವು. ಅವರು ಕೇಳಿದ್ದು ಒಂದು ಮನೆಯ ಪ್ರಶ್ನೆಯಾದರೂ ಅದು ಇಡೀ ಸಮುದಾಯದ ಪ್ರಶ್ನೆ. ಆದ್ದರಿಂದ ಸಿದ್ಧಪಡಿಸಿಕೊಂಡು ಬಂದ ಮಾತುಗಳನ್ನು ಬದಿಗಿಟ್ಟು ಅದೊಂದಕ್ಕೇ ಉತ್ತರ ಹೇಳಲು ಪ್ರಯತ್ನಿಸುತ್ತೇವೆ.

ಮೊದಲಿಗೆ ನಮ್ಮ ವಿಷಯ ಒಂದೆರಡು ಮಾತು. ನಾವು ಮದ್ರಸದಲ್ಲಿ ಕಲಿತವರು. ಬಳಿಕ ಹೊರಗಿನಿಂದ ಪರೀಕ್ಷೆಗಳನ್ನು ಬರೆದು ಕಲಾ ವಿಭಾಗದಲ್ಲಿ ಪದವಿ ಪಡೆದು ಪತ್ರಿಕೆಯ ಕೆಲಸಕ್ಕೆ ಬಂದವರು. ಸ್ನಾತಕೋತ್ತರ ಶಿಕ್ಷಣದ ಬಾಗಿಲು ನಮಗೆ ತೆರೆದೇ ಇತ್ತು. ಆದರೆ ಬಾಗಿಲು ತೆರೆದಿದೆಯೆಂದು ಹೇಳುವವರು ಯಾರೂ ಇರಲಿಲ್ಲ. ವರದಿಗಾರಿಕೆಯ ನಿಮಿತ್ತ ವಿಶ್ವವಿದ್ಯಾನಿಲಯಗಳಿಗೆ ಹೋಗಿ, ಗ್ರಂಥಾಲಯದಲ್ಲಿ ತಲೆ ಬಗ್ಗಿಸಿ ಕುಳಿತ ಯುವಕ ಯುವತಿಯರನ್ನು ಕಂಡಾಗಲೆಲ್ಲ ನಾವು ಕಳೆದುಕೊಂಡದ್ದೇನೆಂಬುದು ಅರಿವಾಗುತ್ತದೆ. ಆ ಅರಿವಿನಿಂದಲೇ ಈ ಮಾತುಗಳನ್ನು ಆಡುತ್ತಿದ್ದೇವೆ.

ಜ್ಞಾನಕ್ಕಾಗಿ ಪ್ರಯಾಣ

ಜ್ಞಾನಕ್ಕಾಗಿ ಚೀನಾಕ್ಕಾದರೂ ಹೋಗಿರಿ ಎಂಬರ್ಥದ ಮಾತೊಂದು ನಮ್ಮ ವೇದಿಕೆಗಳಲ್ಲಿ ಪದೇ ಪದೇ ಕೇಳಿಬರುತ್ತದೆ. ಅದನ್ನು ಪ್ರವಾದಿ(ಸ)ರ ವಚನವೆಂದು ಹೇಳುವುದೂ ಉಂಟು. ಆದರೆ ಹದೀಸ್ ವಿದ್ವಾಂಸರು ಅದರ ಪರಂಪರೆಯನ್ನು ದುರ್ಬಲವೆಂದೂ ಕೆಲವರು ನಿರಾಧಾರವೆಂದೂ ಹೇಳಿದ್ದಾರೆ. ಆದ್ದರಿಂದ ನಾವು ಅದನ್ನು ಆಧಾರವಾಗಿ ಬಳಸುವುದಿಲ್ಲ. ಬಳಸುವ ಅಗತ್ಯವೂ ಇಲ್ಲ. ಸಹಾಬಿ ಹಝ್ರತ್ ಜಾಬಿರ್ ಬಿನ್ ಅಬ್ದುಲ್ಲಾ(ರ)ರು ಒಂದೇ ಒಂದು ಹದೀಸನ್ನು ನೇರವಾಗಿ ಕೇಳುವುದಕ್ಕಾಗಿ ಒಂದು ತಿಂಗಳ ದಾರಿಯನ್ನು ಕ್ರಮಿಸಿದ್ದರೆಂಬುದು ಇಮಾಮ್ ಬುಖಾರಿಯವರ ಸಂಗ್ರಹದಲ್ಲೇ ದಾಖಲಾಗಿದೆ. ಸ್ವತಃ ಇಮಾಮ್ ಬುಖಾರಿಯವರು ಬುಖಾರಾದಿಂದ ಹೊರಟು ಮಕ್ಕಾ, ಬಸ್ರಾ, ಬಗ್ದಾದ್ ಎಂದು ಊರೂರು ಸುತ್ತಿದರು. ಇದಕ್ಕೆ ನಮ್ಮ ಪರಂಪರೆಯಲ್ಲಿ 'ರಿಹ್ಲಾ' ಎಂಬ ಹೆಸರೇ ಇದೆ. ಜ್ಞಾನಕ್ಕಾಗಿ ಮನೆ ಬಿಡುವುದು ನಮ್ಮಲ್ಲಿ ಹೊಸ ಸಂಗತಿಯೇನೂ ಅಲ್ಲ. ಅದನ್ನು ಬಿಟ್ಟದ್ದೇ ಹೊಸ ಸಂಗತಿ.

ಸ್ವತಂತ್ರ ಭಾರತದಲ್ಲಿ ಈ ಪರಂಪರೆಗೆ ಸರಕಾರೀ ರೂಪ ಕೊಟ್ಟವರೂ ಒಬ್ಬ ಆಲಿಮರೇ. ದೇಶದ ಮೊದಲ ಶಿಕ್ಷಣ ಸಚಿವ ಮೌಲಾನಾ ಅಬುಲ್ ಕಲಾಂ ಆಝಾದರು 1950ರಲ್ಲಿ ಭಾರತೀಯ ಸಾಂಸ್ಕೃತಿಕ ಸಂಬಂಧಗಳ ಪರಿಷತ್ತನ್ನು ಸ್ಥಾಪಿಸಿದರು. ಇಂದು ಏಷ್ಯಾ ಮತ್ತು ಆಫ್ರಿಕಾದ ಎಷ್ಟೋ ದೇಶಗಳ ವಿದ್ಯಾರ್ಥಿಗಳು ಈ ಪರಿಷತ್ತಿನ ವಿದ್ಯಾರ್ಥಿವೇತನದ ಬಲದಿಂದಲೇ ನಮ್ಮ ವಿಶ್ವವಿದ್ಯಾನಿಲಯಗಳಿಗೆ ಬರುತ್ತಾರೆ. ಕಾಲೇಜಿನ ಮೆಟ್ಟಿಲನ್ನೇ ಹತ್ತದ ಒಬ್ಬ ಮೌಲಾನಾ ಪರದೇಶದ ಮಕ್ಕಳಿಗೆ ಸ್ನಾತಕೋತ್ತರ ಶಿಕ್ಷಣದ ದಾರಿ ತೆರೆದರು. ನಾವು ನಮ್ಮ ಮಕ್ಕಳಿಗೆ ಪಕ್ಕದ ಜಿಲ್ಲೆಯ ದಾರಿಯನ್ನೂ ತೋರಿಸುತ್ತಿಲ್ಲ.

ಕೊಣಾಜೆಯ ಗುಡ್ಡ

ಈಗ ಆ ಹೆಣ್ಣುಮಗಳು ಹೋಗಬಯಸಿದ ಸ್ಥಳವನ್ನು ನೋಡೋಣ. ಮಂಗಳೂರು ನಗರದಿಂದ ತೊಕ್ಕೊಟ್ಟು, ದೇರಳಕಟ್ಟೆಗಳನ್ನು ದಾಟಿ ಹೋದರೆ ಕೊಣಾಜೆಯ ಗುಡ್ಡ ಸಿಗುತ್ತದೆ. ಅದಕ್ಕೆ ಮಂಗಳಗಂಗೋತ್ರಿ ಎಂದು ಹೆಸರು. 1968ರಲ್ಲಿ ಮೈಸೂರು ವಿಶ್ವವಿದ್ಯಾನಿಲಯದ ಸ್ನಾತಕೋತ್ತರ ಕೇಂದ್ರವಾಗಿ ಕರಾವಳಿಯಲ್ಲಿ ಆರಂಭವಾದದ್ದು 1980ರ ಸೆಪ್ಟೆಂಬರಿನಲ್ಲಿ ಸ್ವತಂತ್ರ ಮಂಗಳೂರು ವಿಶ್ವವಿದ್ಯಾನಿಲಯವಾಯಿತು. ಗುಡ್ಡದ ಮೇಲಿನಿಂದ ಒಂದು ಕಡೆ ನೇತ್ರಾವತಿ, ದೂರದಲ್ಲಿ ಅರಬೀ ಸಮುದ್ರ ಕಾಣಿಸುತ್ತದೆ. ಸಾಗರ ಭೂವಿಜ್ಞಾನದಂತಹ ಅಪರೂಪದ ವಿಭಾಗದಿಂದ ಹಿಡಿದು ಯಕ್ಷಗಾನ ಅಧ್ಯಯನ ಕೇಂದ್ರದವರೆಗೆ ಅಲ್ಲಿ ಕಲಿಕೆಗೆ ಅವಕಾಶವಿದೆ. ಬ್ಯಾರಿ ಅಧ್ಯಯನ ಪೀಠವೂ ಇದೆ.

ಈ ವಿಶ್ವವಿದ್ಯಾನಿಲಯದ ಮೊದಲ ಕುಲಪತಿ ಯಾರೆಂದು ಇಲ್ಲಿಯ ಯುವಕರಿಗೆ ಗೊತ್ತೇ? ಪ್ರೊ. ಬಿ. ಶೇಖ್ ಅಲಿಯವರು. ಹೈದರ್ ಅಲಿ ಮತ್ತು ಟಿಪ್ಪು ಸುಲ್ತಾನರ ಕಾಲದ ಕುರಿತು ಹಾಗೂ ಪಶ್ಚಿಮ ಗಂಗರ ಕುರಿತು ಬರೆದ ಇತಿಹಾಸಕಾರರು. ಮೈಸೂರು ವಿಶ್ವವಿದ್ಯಾನಿಲಯದಲ್ಲಿ ಪ್ರಾಧ್ಯಾಪಕರಾಗಿದ್ದವರು. ಮಂಗಳೂರಿನ ಬಳಿಕ ಗೋವಾ ವಿಶ್ವವಿದ್ಯಾನಿಲಯಕ್ಕೂ ಅವರೇ ಮೊದಲ ಕುಲಪತಿಯಾದರು. ಅಂದರೆ ಪಶ್ಚಿಮ ಕರಾವಳಿಯ ಎರಡು ವಿಶ್ವವಿದ್ಯಾನಿಲಯಗಳನ್ನು ತೊಟ್ಟಿಲಲ್ಲಿ ತೂಗಿದ ಕೈ ಕರ್ನಾಟಕದ ಒಬ್ಬ ಮುಸ್ಲಿಮ್ ವಿದ್ವಾಂಸರದು. 2022ರಲ್ಲಿ ಅವರು ತೀರಿಕೊಂಡಾಗ ನಮ್ಮ ಎಷ್ಟು ಮಸೀದಿಗಳಲ್ಲಿ ಅವರ ಹೆಸರು ಹೇಳಿ ದುಆ ಮಾಡಲಾಯಿತು? ರಾಜಕಾರಣಿಯೊಬ್ಬರು ಊರಿಗೆ ಬಂದರೆ ಹಾರ ತರುವ ಸಮುದಾಯ ತನ್ನ ವಿದ್ವಾಂಸರ ಹೆಸರನ್ನೇ ತಿಳಿಯದಿದ್ದರೆ, ಮಕ್ಕಳು ವಿದ್ವಾಂಸರಾಗಬೇಕೆಂದು ಹೇಗೆ ಬಯಸಿಯಾರು?

ಅಲ್ಲಿಯ ಬದುಕು ಸುಲಭವೆಂದು ನಾವು ಹೇಳುವುದಿಲ್ಲ. ಎರೆಹೊಲದ ನಾಡಿನಿಂದ, ಮಳೆಗಾಗಿ ಮುಗಿಲು ನೋಡುವ ಊರಿನಿಂದ ಹೋದವರಿಗೆ ಜೂನ್ ತಿಂಗಳ ಕರಾವಳಿಯ ಮಳೆಯೇ ಮೊದಲ ಪಾಠ. ವಾರಗಟ್ಟಲೆ ಬಟ್ಟೆ ಒಣಗುವುದಿಲ್ಲ, ಪುಸ್ತಕಕ್ಕೆ ಬೂಷ್ಟು ಹಿಡಿಯುತ್ತದೆ. ರೊಟ್ಟಿ, ಶೇಂಗಾ ಚಟ್ನಿ ಉಂಡ ಹೊಟ್ಟೆಗೆ ಕುಚ್ಚಲಕ್ಕಿ ಅನ್ನ ಹೊಂದಲು ತಿಂಗಳುಗಳೇ ಬೇಕು. ತುಳು, ಕೊಂಕಣಿ, ಬ್ಯಾರಿ, ಮಲಯಾಳಂಗಳ ನಡುವೆ ನಮ್ಮ ಉತ್ತರ ಕರ್ನಾಟಕದ ಕನ್ನಡ ಕೇಳಿದರೆ ಮೊದಮೊದಲು ನಗುವವರೂ ಇರುತ್ತಾರೆ. ನಕ್ಕವರೇ ಪರೀಕ್ಷೆಯ ಕಾಲಕ್ಕೆ ಟಿಪ್ಪಣಿ ಕೇಳಿಕೊಂಡು ಬರುತ್ತಾರೆ.

ನಮಾಝಿನಲ್ಲಿಯೂ ಒಂದು ಪಾಠವಿದೆ. ನಮ್ಮ ಸೀಮೆಯ ಮುಸ್ಲಿಮರು ಹೆಚ್ಚಾಗಿ ಹನಫಿಗಳು, ಕರಾವಳಿಯ ಬ್ಯಾರಿಗಳು ಶಾಫಿಈಗಳು. ಅಲ್ಲಿ ಅಸರ್ ಅಝಾನ್ ನಮ್ಮ ಸಮಯಕ್ಕಿಂತ ಮೊದಲೇ ಆಗುತ್ತದೆ. ಜಮಾಅತ್ತಿನಲ್ಲಿ ಆಮೀನ್ ಗಟ್ಟಿಯಾಗಿ ಕೇಳಿಸುತ್ತದೆ, ಫಜರ್ ನಮಾಝಿನಲ್ಲಿ ಕುನೂತ್ ಇರುತ್ತದೆ. ಊರು ಬಿಡದ ಯುವಕನಿಗೆ ಇದು ತಪ್ಪೆಂದೇ ತೋರಬಹುದು. ಅದೇ ಸಾಲಿನಲ್ಲಿ ಪಕ್ಕಕ್ಕೆ ನಿಂತ ಅಫ್ಘಾನಿಸ್ತಾನದ ವಿದ್ಯಾರ್ಥಿ ನಮ್ಮ ಹಾಗೆ ಮೆಲ್ಲಗೆ ಆಮೀನ್ ಹೇಳುವ ಹನಫಿ! ಗದಗ ಜಿಲ್ಲೆಯ ಹುಡುಗನಿಗೂ ಕಾಬೂಲಿನ ಹುಡುಗನಿಗೂ ಒಂದು ಮಝ್‌ಹಬ್, ಕರಾವಳಿ ಜಿಲ್ಲೆಯವನಿಗೆ ಇನ್ನೊಂದು. ಭಿನ್ನಾಭಿಪ್ರಾಯಗಳ ಕುರಿತು ನಾವು ಮದ್ರಸದಲ್ಲಿ ವರ್ಷಗಟ್ಟಲೆ ಓದಿದ್ದನ್ನು ಆ ವಿದ್ಯಾರ್ಥಿ ಒಂದು ಸಾಲಿನಲ್ಲಿ ನಿಂತೇ ಕಲಿಯುತ್ತಾನೆ.

ಪರದೇಶದಿಂದ ಬಂದವರು

ವಿದೇಶೀ ವಿದ್ಯಾರ್ಥಿಗಳ ಬದುಕನ್ನು ಹೊರಗಿನಿಂದ ನೋಡುವವರು ಅದನ್ನು ಸುಖದ ಬದುಕೆಂದೇ ತಿಳಿಯುತ್ತಾರೆ. ದೀರ್ಘಾವಧಿಯ ವೀಸಾದಲ್ಲಿ ಬಂದವರು ಹದಿನಾಲ್ಕು ದಿನಗಳೊಳಗೆ ವಿದೇಶೀಯರ ನೋಂದಣಿ ಅಧಿಕಾರಿಗಳಲ್ಲಿ ಹೆಸರು ನೋಂದಾಯಿಸಬೇಕು. ವೀಸಾದ ಅವಧಿ, ವಿದ್ಯಾರ್ಥಿವೇತನದ ಅವಧಿ, ಬಾಡಿಗೆ ಮನೆಯ ಕರಾರು, ಇವೆಲ್ಲವನ್ನೂ ಓದಿನ ಜತೆಗೇ ಹೊರಬೇಕು. ಹಬ್ಬದ ದಿನ ಎಲ್ಲರೂ ಊರಿಗೆ ಹೋದ ಮೇಲೆ ಹಾಸ್ಟೆಲಿನ ಕೋಣೆಯಲ್ಲಿ ಉಳಿಯುವವರು ಅವರೇ.

2021ರ ಆಗಸ್ಟ್ 15ರಂದು ಕಾಬೂಲ್ ತಾಲಿಬಾನಿನ ಕೈಗೆ ಹೋದಾಗ ಮಂಗಳೂರು ವಿಶ್ವವಿದ್ಯಾನಿಲಯದಲ್ಲಿ ಅಫ್ಘಾನ್ ವಿದ್ಯಾರ್ಥಿಗಳು ಕಲಿಯುತ್ತಿದ್ದರು. ಕೆಲವರು ಕೊರೋನಾ ಕಾಲದಲ್ಲಿ ಊರಿಗೆ ಹೋಗಿ ಅಲ್ಲಿಯೇ ಸಿಕ್ಕಿಬಿದ್ದಿದ್ದರು. ಇಲ್ಲಿ ಇದ್ದವರಿಗೆ ಮನೆಯವರ ಚಿಂತೆ, ಅಲ್ಲಿ ಇದ್ದವರಿಗೆ ಓದಿನ ಚಿಂತೆ. ವಿಶ್ವವಿದ್ಯಾನಿಲಯದ ಅಧಿಕಾರಿಗಳು ಆ ವಿದ್ಯಾರ್ಥಿಗಳಿಗೆ ಧೈರ್ಯ ಹೇಳಿದರು. ಆದರೆ ಭಾರತ ಸರಕಾರವು ಅದೇ ತಿಂಗಳು ಅಫ್ಘಾನ್ ಪ್ರಜೆಗಳಿಗೆ ಮೊದಲು ನೀಡಿದ್ದ ವೀಸಾಗಳನ್ನು ರದ್ದುಪಡಿಸಿತು. ಅಲ್ಲಿ ಉಳಿದ ವಿದ್ಯಾರ್ಥಿಗಳ ಪಾಲಿಗೆ ತರಗತಿಯ ಬಾಗಿಲು ಮುಚ್ಚಿದಂತಾಯಿತು. ಭದ್ರತೆಯ ಕಾರಣ ಏನೇ ಇರಲಿ, ಅರ್ಧ ಬರೆದ ಪ್ರಬಂಧವನ್ನು ಬಿಟ್ಟು ಹೋದ ವಿದ್ಯಾರ್ಥಿಯ ನೋವಿಗೆ ಅದರಿಂದ ಸಮಾಧಾನ ಸಿಗುವುದಿಲ್ಲ.

2022ರ ಡಿಸೆಂಬರ್ 20ರಂದು ತಾಲಿಬಾನ್ ಆಡಳಿತವು ಮಹಿಳೆಯರಿಗೆ ವಿಶ್ವವಿದ್ಯಾನಿಲಯದ ಪ್ರವೇಶವನ್ನೇ ನಿಷೇಧಿಸಿತು. ಇಸ್ಲಾಮಿನ ಹೆಸರಿನಲ್ಲಿ ಮಾಡಿದ ಈ ಕೃತ್ಯಕ್ಕೂ ಇಸ್ಲಾಮಿಗೂ ಸಂಬಂಧವಿಲ್ಲವೆಂದು ಲೋಕದ ಎಷ್ಟೋ ಉಲಮಾಗಳು ಹೇಳಿದರು, ನಮ್ಮ ಪತ್ರಿಕೆಗಳೂ ಖಂಡಿಸಿ ಬರೆದವು. ಮೊರೊಕ್ಕೋದ ಫೆಝ್ ನಗರದಲ್ಲಿ 859ರಲ್ಲಿ ಕರವಿಯ್ಯೀನ್ ಮಸೀದಿಯನ್ನು ಕಟ್ಟಿಸಿದವರು ಫಾತಿಮಾ ಅಲ್ ಫಿಹ್ರಿ ಎಂಬ ಮಹಿಳೆಯೆಂದು ಪರಂಪರೆ ಹೇಳುತ್ತದೆ. ಆ ಮಸೀದಿಯೇ ಮುಂದೆ ಪ್ರಸಿದ್ಧ ವಿದ್ಯಾಕೇಂದ್ರವಾಯಿತೆಂದು ನಾವು ಹೆಮ್ಮೆಯಿಂದ ಬರೆದೆವು.

ಬರೆದದ್ದು ಸರಿಯೇ. ಆದರೆ ಒಂದು ಪ್ರಶ್ನೆಯನ್ನು ನಮ್ಮ ಕಡೆಗೂ ತಿರುಗಿಸೋಣ. ಕಾಬೂಲಿನಲ್ಲಿ ಆದೇಶ ಹೊರಡಿಸಿ ಮಾಡಿದ ಕೆಲಸವನ್ನು ನಮ್ಮ ಮನೆಗಳಲ್ಲಿ ಯಾವ ಆದೇಶವೂ ಇಲ್ಲದೆ ನಾವು ಮಾಡುತ್ತಿಲ್ಲವೇ? ಬಿ.ಎ.ಯಲ್ಲಿ ಪ್ರಥಮ ದರ್ಜೆ ಬಂದ ಮಗಳಿಗೆ "ಸಾಕವ್ವಾ, ಇನ್ನ ಕಲಿತು ಏನ ಮಾಡತಿ" ಎಂದು ಹೇಳುವಾಗ ನಮಗೂ ಅವರಿಗೂ ಇರುವ ವ್ಯತ್ಯಾಸವೇನು? ಅವರು ಬಂದೂಕು ಹಿಡಿದು ಹೇಳಿದರು, ನಾವು ಪ್ರೀತಿಯಿಂದ ಹೇಳುತ್ತೇವೆ. ಬಾಗಿಲು ಮಾತ್ರ ಎರಡೂ ಕಡೆ ಮುಚ್ಚಿಯೇ ಇದೆ.

ಇದು ಇಟಗಿ. ಈ ಊರಿನ ಹೆಸರನ್ನು ನಾಡಿನಲ್ಲಿ ಯಾರೂ ಬರಿದೇ ಹೇಳುವುದಿಲ್ಲ, ಇಟಗಿ ಭೀಮಮ್ಮ ಎಂದೇ ಹೇಳುತ್ತಾರೆ. ನಂಬಿಕೆಯ ಮಾತು ಬೇರೆ, ಅದು ಅವರವರಿಗೆ ಸೇರಿದ್ದು. ಆದರೆ ಒಂದು ಹಳ್ಳಿಗೆ ಒಬ್ಬ ಹೆಣ್ಣುಮಗಳಿಂದ ಹೆಸರು ಬಂದಿದೆಯೆಂಬುದನ್ನು ಈ ನೆಲದಲ್ಲಿ ನಿಂತು ಹೇಳಲು ನಮಗೆ ಸಂಕೋಚವಿಲ್ಲ. ಹೆಣ್ಣುಮಕ್ಕಳಿಂದ ಊರಿಗೆ ಕೆಟ್ಟ ಹೆಸರು ಬಂದೀತೆಂದು ಹೆದರುವವರು ತಮ್ಮ ಊರಿನ ಹೆಸರನ್ನೇ ಒಮ್ಮೆ ನೆನಪಿಸಿಕೊಳ್ಳಲಿ.

ಕಲಿತು ಏನು ಮಾಡುವುದು?

ಎಂ.ಎ. ಮಾಡಿದರೆ ಕೆಲಸ ಸಿಗುತ್ತದೆಯೇ ಎಂಬುದು ಎರಡನೆಯ ಪ್ರಶ್ನೆ. ಖಂಡಿತ ಸಿಗುತ್ತದೆ ಎಂದು ನಾವು ಸುಳ್ಳು ಹೇಳುವುದಿಲ್ಲ. ಈಚಿನ ವರ್ಷಗಳಲ್ಲಿ ಹಲವು ವಿಭಾಗಗಳಿಗೆ ಸೇರುವವರೇ ಕಡಿಮೆಯಾಗಿದ್ದಾರೆ, ವಿಶ್ವವಿದ್ಯಾನಿಲಯಗಳು ಹಣಕಾಸಿನ ಮುಗ್ಗಟ್ಟಿನಲ್ಲಿವೆ. ಆದರೆ ಸ್ನಾತಕೋತ್ತರ ಶಿಕ್ಷಣದ ಫಲ ಸಂಬಳವೊಂದೇ ಅಲ್ಲ.

ಹನ್ನೆರಡನೆಯ ಶತಮಾನದಲ್ಲಿ ಅಬ್ರಹಾಂ ಬೆನ್ ಯಿಜು ಎಂಬ ಟ್ಯುನೀಸಿಯ ಮೂಲದ ಯಹೂದಿ ವರ್ತಕ ಮಂಗಳೂರಿನಲ್ಲಿ ಸುಮಾರು 17 ವರ್ಷ ನೆಲೆಸಿದ್ದನು. ಅವನ ವ್ಯವಹಾರಗಳನ್ನು ನೋಡಿಕೊಳ್ಳುತ್ತಿದ್ದ ಆಳಿನ ಹೆಸರು ಕೈರೋದ ಯಹೂದಿ ಆರಾಧನಾಲಯದಲ್ಲಿ ಸಿಕ್ಕ ಹಳೆಯ ಪತ್ರಗಳಲ್ಲಿ ಕಾಣಿಸಿತು. ಅದು ಯಾವ ಹೆಸರು, ಯಾವ ಊರಿನವನು ಎಂಬ ಒಗಟು ಬಿಡಿಸಲು ಲೇಖಕ ಅಮಿತಾವ್ ಘೋಷ್ ಮಂಗಳೂರಿಗೆ ಬಂದರು. ಮಂಗಳೂರು ವಿಶ್ವವಿದ್ಯಾನಿಲಯದ ವಿದ್ವಾಂಸ ಪ್ರೊ. ಬಿ.ಎ. ವಿವೇಕ ರೈಯವರ ತುಳು ಜಾನಪದದ ತಿಳುವಳಿಕೆಯ ನೆರವಿನಿಂದ ಅದು 'ಬೊಮ್ಮ' ಎಂಬ ಹೆಸರೆಂದು ಗೊತ್ತಾಯಿತು. 1992ರಲ್ಲಿ ಈ ಕಥನ ಇಂಗ್ಲಿಷಿನಲ್ಲಿ ಪುಸ್ತಕವಾಗಿ ಬಂತು. ಎಂಟು ನೂರು ವರ್ಷಗಳ ಹಿಂದಿನ ಒಬ್ಬ ಸಾಮಾನ್ಯ ಆಳಿಗೆ ಇತಿಹಾಸದಲ್ಲಿ ಅವನ ಹೆಸರು ಮರಳಿ ಸಿಕ್ಕಿತು. ಸಂಶೋಧನೆಯೆಂದರೆ ಇದು.

ಹದಿನಾಲ್ಕನೆಯ ಶತಮಾನದಲ್ಲಿ ಅದೇ ಮಂಗಳೂರಿಗೆ ಬಂದ ಇಬ್ನ್ ಬತೂತಾ ಅಲ್ಲಿ ಸುಮಾರು ನಾಲ್ಕು ಸಾವಿರ ಮುಸ್ಲಿಮರಿದ್ದರೆಂದೂ ಶಾಫಿಈ ಪಂಥದ ಖಾಝಿಯೊಬ್ಬರು ಪಾಠ ಹೇಳುತ್ತಿದ್ದರೆಂದೂ ಬರೆದಿದ್ದಾನೆ. ಕರಾವಳಿಯ ಮುಸ್ಲಿಮರಿಗೆ ಹೀಗೆ ಬರೆದಿಟ್ಟವರಿದ್ದರು. ನಮ್ಮ ಈ ಬಯಲು ಸೀಮೆಯ ಮುಸ್ಲಿಮರ ಚರಿತ್ರೆಯನ್ನು ಬರೆಯುವವರು ಯಾರು? ಊರೂರಿನ ಅಲಾಯಿ ಹಬ್ಬದಲ್ಲಿ ಹಿಂದೂ ಮುಸ್ಲಿಮರಿಬ್ಬರೂ ಕೂಡಿ ಕನ್ನಡದಲ್ಲಿ ಹಾಡುವ ರಿವಾಯತ್ ಪದಗಳಿವೆ. ಅವುಗಳ ಧಾರ್ಮಿಕ ಸಾಧುತ್ವದ ಕುರಿತು ನಮಗೆ ನಮ್ಮದೇ ಅಭಿಪ್ರಾಯಗಳಿರಬಹುದು. ಆದರೆ ಅವು ಈ ನೆಲದ ದಾಖಲೆಗಳು. ನಮ್ಮ ದಖ್ಖನಿ ಮಾತಿನಲ್ಲಿ ಎಷ್ಟು ಕನ್ನಡ ಸೇರಿದೆ, ನೇಕಾರ, ಪಿಂಜಾರ, ನದಾಫರ ಕಸುಬುಗಳು ಹೇಗೆ ಬದಲಾದವು, ಇದನ್ನೆಲ್ಲ ಹಾಡುವ ಅಜ್ಜಂದಿರು ಬದುಕಿರುವಾಗಲೇ ಕೇಳಿ ಬರೆಯಬೇಕು. ಈ ಊರಿನ ಮಗಳೊಬ್ಬಳು ಬರೆಯದಿದ್ದರೆ ಬೇರೆಯವರು ಬರೆಯುತ್ತಾರೆ. ಅವರು ಹೇಗೆ ಬರೆದಾರೆಂಬುದನ್ನು ನಾವು ಇಂದಿನ ರಾಜಕೀಯದಲ್ಲಿ ನೋಡುತ್ತಲೇ ಇದ್ದೇವೆ.

ಅಡ್ಡಿಗಳು ಹೊರಗೂ ಇವೆ, ಒಳಗೂ ಇವೆ

ಅಂಕಿ ಅಂಶಗಳು ಸಿಹಿಯಾಗಿಲ್ಲ. 2006ರ ಸಾಚಾರ್ ಸಮಿತಿಯ ವರದಿಯು ದೇಶದ ಪ್ರತಿಷ್ಠಿತ ಕಾಲೇಜುಗಳಲ್ಲಿ 25 ಪದವಿ ವಿದ್ಯಾರ್ಥಿಗಳಿಗೆ ಒಬ್ಬ, 50 ಸ್ನಾತಕೋತ್ತರ ವಿದ್ಯಾರ್ಥಿಗಳಿಗೆ ಒಬ್ಬ ಮಾತ್ರ ಮುಸ್ಲಿಮ್ ಎಂದು ಹೇಳಿತು. ಅಂದರೆ ಒಂದು ಮೆಟ್ಟಿಲು ಮೇಲೆ ಹೋಗುವಷ್ಟರಲ್ಲಿ ನಮ್ಮ ಪಾಲು ಅರ್ಧಕ್ಕೆ ಇಳಿಯುತ್ತದೆ. ಹದಿನಾಲ್ಕು ವರ್ಷಗಳ ಬಳಿಕ, 2020-21ರ ಉನ್ನತ ಶಿಕ್ಷಣ ಸಮೀಕ್ಷೆಯಲ್ಲಿ ಮುಸ್ಲಿಮ್ ವಿದ್ಯಾರ್ಥಿಗಳ ಪ್ರಮಾಣ ಶೇ. 4.6 ಇತ್ತು. 2011ರ ಜನಗಣತಿಯಂತೆ ಜನಸಂಖ್ಯೆಯಲ್ಲಿ ನಮ್ಮ ಪಾಲು ಶೇ. 14.2. ಹಿಂದಿನ ವರ್ಷ 21 ಲಕ್ಷದಷ್ಟಿದ್ದ ಮುಸ್ಲಿಮ್ ವಿದ್ಯಾರ್ಥಿಗಳು ಆ ಒಂದೇ ವರ್ಷದಲ್ಲಿ 19.21 ಲಕ್ಷಕ್ಕೆ ಇಳಿದರು.

ಇಂತಹ ಹೊತ್ತಿನಲ್ಲಿ ಕೇಂದ್ರ ಸರಕಾರವು ಸಂಶೋಧನಾ ವಿದ್ಯಾರ್ಥಿಗಳಿಗಾಗಿ 2009ರಲ್ಲಿ ಆರಂಭವಾಗಿದ್ದ ಮೌಲಾನಾ ಆಝಾದ್ ರಾಷ್ಟ್ರೀಯ ಫೆಲೋಶಿಪನ್ನು 2022ರಲ್ಲಿ ನಿಲ್ಲಿಸಿತು. ಬೇರೆ ಯೋಜನೆಗಳಿವೆಯಲ್ಲ ಎಂಬುದು ಅವರ ಸಮರ್ಥನೆ. ಕುಂಟುವವನ ಕೈಯ ಕೋಲು ಕಿತ್ತುಕೊಂಡು, ಊರಲ್ಲಿ ಬಸ್ಸು ಓಡಾಡುತ್ತದಲ್ಲ ಎಂದಂತಾಯಿತು. ಅದೇ ವರ್ಷ ಉಡುಪಿಯಲ್ಲಿ ಆರಂಭವಾದ ಹಿಜಾಬ್ ವಿವಾದ ನಮ್ಮ ಎಷ್ಟೋ ಹೆಣ್ಣುಮಕ್ಕಳ ಓದನ್ನು ಕಸಿಯಿತು. ಮಾರ್ಚ್ 15ರಂದು ಹೈಕೋರ್ಟು ನಿರ್ಬಂಧವನ್ನು ಎತ್ತಿಹಿಡಿಯಿತು, ಅಕ್ಟೋಬರ್ 13ರಂದು ಸುಪ್ರೀಂ ಕೋರ್ಟಿನ ಇಬ್ಬರು ನ್ಯಾಯಮೂರ್ತಿಗಳು ಭಿನ್ನ ತೀರ್ಪು ನೀಡಿದರು. ಜುಲೈಯಲ್ಲಿ ದಕ್ಷಿಣ ಕನ್ನಡದಲ್ಲಿ ಹತ್ತು ದಿನಗಳೊಳಗೆ ಮೂವರು ಯುವಕರ ಕೊಲೆಯಾಯಿತು. ಸತ್ತವರಲ್ಲಿ ಎರಡೂ ಸಮುದಾಯದವರಿದ್ದರು. ಇದನ್ನೆಲ್ಲ ಟಿ.ವಿ.ಯಲ್ಲಿ ನೋಡಿದ ತಂದೆ ಹೆದರಿದರೆ ಆ ಹೆದರಿಕೆಯನ್ನು ನಾವು ಹೇಡಿತನವೆನ್ನುವುದಿಲ್ಲ. ಆದರೆ ಆ ದಿನಗಳಲ್ಲೂ ಅದೇ ಜಿಲ್ಲೆಯಲ್ಲಿ ತರಗತಿಗಳು ನಡೆಯುತ್ತಿದ್ದವು, ಒಂದೇ ಬೆಂಚಿನಲ್ಲಿ ಎಲ್ಲರ ಮಕ್ಕಳೂ ಕುಳಿತಿದ್ದರು ಎಂಬುದೂ ಸತ್ಯ. ದ್ವೇಷ ಹರಡುವವರಿಗೆ ಬೇಕಾಗಿರುವುದು ನಮ್ಮ ಮಕ್ಕಳು ಆ ಬೆಂಚನ್ನು ಖಾಲಿ ಮಾಡುವುದೇ.

ಇನ್ನು ಮಹ್ರಮ್ ಇಲ್ಲದ ಪ್ರಯಾಣದ ಪ್ರಶ್ನೆ. ಇದರಲ್ಲಿ ವಿದ್ವಾಂಸರ ನಡುವೆ ಭಿನ್ನಾಭಿಪ್ರಾಯವಿದೆ, ಅದನ್ನು ಮರೆಮಾಚುವುದಿಲ್ಲ. ಆದರೆ ವಿಶ್ವಾಸಾರ್ಹ ಮಹಿಳೆಯರ ಜತೆಗೆ ಕಡ್ಡಾಯ ಹಜ್ಜ್ ಯಾತ್ರೆ ಕೈಗೊಳ್ಳಬಹುದೆಂಬ ಅಭಿಪ್ರಾಯ ಶಾಫಿಈ ವಿದ್ವಾಂಸರಲ್ಲಿ ಹಿಂದಿನಿಂದಲೂ ಇದೆ. 2018ರಿಂದ ಭಾರತದಿಂದಲೇ ಮಹಿಳೆಯರು ಗುಂಪಾಗಿ ಮಹ್ರಮ್ ಇಲ್ಲದೆ ಹಜ್ಜ್‌ಗೆ ಹೋಗುತ್ತಿದ್ದಾರೆ. ಅಲ್ಲಾಹನ ಹೊರತು ಯಾರ ಭಯವೂ ಇಲ್ಲದೆ ಮಹಿಳೆಯೊಬ್ಬಳು ಹೀರಾದಿಂದ ಕಅಬಾದವರೆಗೆ ಪ್ರಯಾಣಿಸುವ ಕಾಲ ಬರುವುದೆಂದು ಪ್ರವಾದಿ(ಸ)ರು ಶುಭವಾರ್ತೆಯಾಗಿ ಹೇಳಿದ್ದರೆಂಬುದನ್ನು ಅದೀ ಬಿನ್ ಹಾತಿಮ್(ರ)ರು ವರದಿ ಮಾಡಿದ್ದಾರೆ. ಸುರಕ್ಷೆಯೇ ಇಲ್ಲಿಯ ತಿರುಳು. ಹಾಗಾದರೆ ಮಗಳನ್ನು ತಡೆಯುವುದಲ್ಲ, ಸುರಕ್ಷೆಯನ್ನು ಏರ್ಪಡಿಸುವುದು ನಮ್ಮ ಹೊಣೆ. ತಂದೆ ಅಥವಾ ಅಣ್ಣ ಜತೆಗೆ ಹೋಗಿ ಹಾಸ್ಟೆಲ್ ನೋಡಿ, ಅಧ್ಯಾಪಕರನ್ನು ಕಂಡು, ಆ ಊರಿನ ಜಮಾಅತಿನ ಹಿರಿಯರ ಪರಿಚಯ ಮಾಡಿಕೊಂಡು ಬರಲಿ. ಗದಗ, ಹುಬ್ಬಳ್ಳಿ ಮಾರ್ಗವಾಗಿ ಮಂಗಳೂರಿಗೆ ರೈಲಿದೆ, ಹುಬ್ಬಳ್ಳಿಯಿಂದ ಬಸ್ಸುಗಳಿವೆ. ನಾನೂರು ಕಿಲೋಮೀಟರಿಗೂ ಹೆಚ್ಚು ದೂರವೆಂಬುದು ನಿಜ. ದುಬೈಗೆ ಮಗನನ್ನು ಕಳುಹಿಸುವಾಗ ಈ ಲೆಕ್ಕವನ್ನು ನಾವು ಹಾಕಿರಲಿಲ್ಲ.

ಮಾಡಬಹುದಾದ ಕೆಲಸಗಳು

ಕೊನೆಯದಾಗಿ ನಮ್ಮ ಕೈಯಲ್ಲಿಯೇ ಇರುವ ಕೆಲವು ಕೆಲಸಗಳನ್ನು ಹೇಳಿ ಮುಗಿಸುತ್ತೇವೆ.

ಒಂದು, ಊರಿನ ಅಂಜುಮನ್ ಒಂದು ವಿದ್ಯಾನಿಧಿ ಇಡಲಿ. ಝಕಾತಿನ ಎಂಟು ಹಕ್ಕುದಾರರಲ್ಲಿ ಬಡವರು, ನಿರ್ಗತಿಕರು ಇದ್ದಾರೆ, ದಾರಿಹೋಕನೂ ಇದ್ದಾನೆ. ಬಡ ವಿದ್ಯಾರ್ಥಿ ಇದಕ್ಕೆ ಹೇಗೆ ಅರ್ಹನೆಂಬುದನ್ನು ನಿಮ್ಮ ಉಲಮಾಗಳಲ್ಲಿ ಕೇಳಿ ನಿರ್ಧರಿಸಿರಿ. ಝಕಾತ್ ಅಲ್ಲದಿದ್ದರೆ ಸದಕಾ ಇದೆ. ಒಂದು ಮದುವೆಯಲ್ಲಿ ಎರಡು ಬಗೆಯ ಬಿರಿಯಾನಿಯ ಬದಲು ಒಂದೇ ಬಗೆ ಬಡಿಸಿದರೆ ಉಳಿಯುವ ಹಣದಲ್ಲಿ ಒಬ್ಬ ವಿದ್ಯಾರ್ಥಿಯ ಎಷ್ಟು ತಿಂಗಳ ಊಟ ನಡೆದೀತೆಂದು ಲೆಕ್ಕ ಹಾಕಿರಿ. ಭಟ್ಕಳದ ಮುಸ್ಲಿಮರು 1919ರಲ್ಲಿಯೇ ಅಂಜುಮನ್ ಕಟ್ಟಿ ವಿದ್ಯಾಸಂಸ್ಥೆಗಳನ್ನು ಬೆಳೆಸಿದರು. ಅವರ ಮೊದಲ ರೂಪಾಯಿಯೂ ಚಿಕ್ಕದೇ ಆಗಿತ್ತು.

ಎರಡು, ಪದವಿಯ ಕೊನೆಯ ವರ್ಷದಲ್ಲಿರುವವರ ಪಟ್ಟಿ ಮಾಡಿ ಪ್ರವೇಶದ ಪ್ರಕಟಣೆ, ವಿದ್ಯಾರ್ಥಿವೇತನದ ಅರ್ಜಿ, ಪ್ರವರ್ಗ 2ಬಿ ಪ್ರಮಾಣಪತ್ರಗಳ ಮಾಹಿತಿ ಕೊಡಿರಿ. ರಾಷ್ಟ್ರೀಯ ಅರ್ಹತಾ ಪರೀಕ್ಷೆಯಲ್ಲಿ ಕಿರಿಯ ಸಂಶೋಧನಾ ಫೆಲೋಶಿಪ್ ಪಡೆದವರಿಗೆ 2023ರಿಂದ ತಿಂಗಳಿಗೆ 37,000 ರೂಪಾಯಿ ಎಂದು ನಿಗದಿಯಾಗಿದೆ. ಇದು ನಮ್ಮ ಮಕ್ಕಳ ಕಿವಿಗೆ ಬಿದ್ದಿದೆಯೇ? ಜುಮಾ ಬಳಿಕ ಎರಡು ನಿಮಿಷ ಇದಕ್ಕೆ ಕೊಡಬಹುದು.

ಮೂರು, ಮದ್ರಸದ ಮಕ್ಕಳನ್ನು ಮರೆಯಬೇಡಿರಿ. ಅಲೀಗಢ್ ಮುಸ್ಲಿಮ್ ವಿಶ್ವವಿದ್ಯಾನಿಲಯವು ಮದ್ರಸ ಕಲಿತವರಿಗಾಗಿ 2013ರಲ್ಲಿ ಸೇತು ಪಠ್ಯಕ್ರಮ ಆರಂಭಿಸಿತು, ಹೈದರಾಬಾದಿನಲ್ಲಿ 1998ರಿಂದ ಮೌಲಾನಾ ಆಝಾದ್ ಉರ್ದು ವಿಶ್ವವಿದ್ಯಾನಿಲಯವಿದೆ. ಹಾಫಿಝ್ ಆದವನು ಪ್ರಾಧ್ಯಾಪಕನಾಗಬಾರದೆಂದು ಯಾವ ಕಿತಾಬಿನಲ್ಲೂ ಇಲ್ಲ.

ನಾಲ್ಕು, ನಗರಗಳಲ್ಲಿ ನೆಲೆಸಿರುವ ನಮ್ಮವರು ಈದ್ ದಿನ ಹಾಸ್ಟೆಲಿನಲ್ಲಿ ಉಳಿದ ಪರದೇಶದ ವಿದ್ಯಾರ್ಥಿಗಳನ್ನು, ಯಾವ ಧರ್ಮದವರೇ ಆಗಿರಲಿ, ಮನೆಗೆ ಕರೆದು ಊಟ ಹಾಕಲಿ. ಅವರು ತಮ್ಮ ದೇಶಕ್ಕೆ ಒಯ್ಯುವ ನಮ್ಮ ದೇಶದ ನೆನಪು ಆ ಊಟದ್ದಾಗಿರಲಿ.

ಈಗ ಮಸೀದಿಯ ಮೆಟ್ಟಿಲಿನಲ್ಲಿ ಕೇಳಿದ ಪ್ರಶ್ನೆಗೆ ಬರೋಣ. ಆ ಹಿರಿಯರು ಈ ಸಭೆಯಲ್ಲಿ ಹಿಂದಿನ ಸಾಲಿನಲ್ಲಿ ಕುಳಿತಿದ್ದಾರೆ. ಕಾಕಾ, ನಮ್ಮ ಉತ್ತರ ಹೌದು, ಕಳುಹಿಸಿರಿ. ಆದರೆ ಮಗಳನ್ನು ಒಬ್ಬಳೇ ಕಳುಹಿಸುತ್ತಿದ್ದೇನೆಂದು ನಿಮಗೆ ಅನ್ನಿಸಬಾರದು. ಅದಕ್ಕಾಗಿ ಈ ಸಭೆಯಲ್ಲಿರುವ ಪ್ರತಿಯೊಬ್ಬರೂ ನಿಮ್ಮ ಹಿಂದೆ ನಿಲ್ಲಬೇಕು. ಅವರು ನಿಲ್ಲುತ್ತಾರೆಯೇ ಎಂಬುದನ್ನು ನಾವು ಹೇಳಲಾರೆವು. ಅದನ್ನು ಅಧ್ಯಕ್ಷರೂ ಅಂಜುಮನಿನವರೂ ಈ ಸಭೆ ಮುಗಿಯುವ ಮುನ್ನ ಹೇಳಲಿ. ನಾಳೆ ಅಲ್ಲಾಹನ ಮುಂದೆ ನಿಂತಾಗ ಆ ಮಗಳು, ನನ್ನನ್ನು ಏಕೆ ತಡೆದಿರಿ ಎಂದು ಕೇಳುವ ಪ್ರಸಂಗ ನಮಗಾರಿಗೂ ಬಾರದಿರಲಿ.

ಅಲ್ಲಾಹನು ನಮ್ಮ ಮಕ್ಕಳಿಗೆ ಉಪಯುಕ್ತ ಜ್ಞಾನವನ್ನೂ ನಮಗೆ ಅವರ ದಾರಿ ಬಿಟ್ಟುಕೊಡುವ ವಿವೇಕವನ್ನೂ ಅನುಗ್ರಹಿಸಲಿ. ಆಮೀನ್.

ವಸ್ಸಲಾಮ್.